ಕೊನೆಯಲ್ಲಿ ನಡೆಯುವವನು

"ಎತ್ತರವಾಗಿದ್ದಾನೆ. ಮಳೆಬೂಟು ಹಾಕ್ಕೊಂಡು ಬರ್ತಾನೆ. ಪೂಲಿಯಲ್ಲಿ ಬಸ್ ಹತ್ತುತ್ತಾನೆ. ಗುರುತಿಗೆ ಇಷ್ಟು ಸಾಕಲ್ಲ?" ಎಂದಳು ಅಮ್ಮ.

ಅಮ್ಮ ಬೆಳಗಿನಿಂದ ಮಂಡಿ ಹಿಡಿದುಕೊಂಡು ಸೋಫಾದ ಮೇಲೆ ಕೂತಿದ್ದಳು. ಹಿಂದಿನ ಸಂಜೆ ಇದೇ ಮಂಡಿ ಇಟ್ಟುಕೊಂಡು ಪಾರ್ಕಿನಲ್ಲಿ ಯುಲಾನ್ ಆಂಟಿ ಮತ್ತಿತರ ಗೆಳತಿಯರ ಜೊತೆ ಡ್ಯಾನ್ಸ್ ಮಾಡಿ ಬಂದಿದ್ದಳು.

"ಈ ಬೆಟ್ಟ, ಬಿಸಿನೀರ ಬುಗ್ಗೆ ಟ್ರಿಪ್ ಎಲ್ಲ ನಿಂಗೋಸ್ಕರ ಬುಕ್ ಮಾಡಿದ್ದಲ್ವಾ?" ಎಂದು ಕೇಳಿದಳು ಕೈಲಿಂಗ್.

"ನನ್ನ ಮಂಡಿ ನೋಡು ಹೇಗೆ ಊದಿದೆ. ನೀನು ಹೋಗಿ ಬಾ. ಯುಲಾನ್ ಇರ್ತಾಳೆ ಜೊತೆಗೆ. ಅವಳ ಅಣ್ಣನ ಮಗಾನೂ ಬರ್ತಾನಂತೆ, ಸುಮ್ನೆ."

"ಸುಮ್ನೆ?"

"ಸುಮ್ನೆ ಕಣೇ. ಯಾರೂ ಯಾರಿಗೂ ಪರಿಚಯ ಮಾಡಿಸಲ್ಲ. ತಾನಾಗೇ ಆದ್ರೆ ಆಗ್ಲಿ ಅಂತ ಯುಲಾನೂ ನಾನೂ ಮಾತಾಡ್ಕೊಂಡಿದ್ದೀವಿ."

ಹೊಸ ವರ್ಷದ ಊಟಕ್ಕೆ ಸೇರಿದ್ದ ಅತ್ತೆ, ಚಿಕ್ಕಮ್ಮಂದಿರೆಲ್ಲ ಕುದಿಯುವ ಸಾರಿನ ಪಾತ್ರೆಯ ಸುತ್ತ ಕೂತು ಕೇಳಿದ್ದು ಒಂದೇ ಪ್ರಶ್ನೆ. ಆಮೇಲಿಂದ ಕಾಫಿ ಅಂಗಡಿಗಳಲ್ಲಿ ಕೂರಿಸಿ ತೋರಿಸಿದ ಗಂಡುಗಳು ಕೈಲಿಂಗಳನ್ನು ಸಂತೆಯಲ್ಲಿ ಪೇರಲೆ ಆರಿಸುವಂತೆ ನೋಡಿದ್ದರು. ಒಬ್ಬ ಸಂಬಳ ಕೇಳಿದ. ಒಬ್ಬ ಸ್ವಭಾವ ತಿಳಿಯಲೆಂದು ಬ್ಲಡ್ ಗ್ರೂಪ್ ಕೇಳಿ, ಉತ್ತರ ಕೇಳಿದ ಮೇಲೆ ತಲೆ ಅಲ್ಲಾಡಿಸಿದ. ಪ್ರತಿ ಸಲ ಮನೆಗೆ ಬಂದು ಅವಳು ತುಂಬ ಹೊತ್ತು ಸ್ನಾನ ಮಾಡುತ್ತಿದ್ದಳು.

"ಇದೇ ಕೊನೆ ಅಮ್ಮಾ. ಇದಾದ ಮೇಲೆ ಮದುವೆ ಮಾತು ಎತ್ತಬಾರದು. ಒಪ್ಪಿಗೆನಾ?"

"ಒಪ್ಪಿಗೆ, ಒಪ್ಪಿಗೆ," ಎಂದಳು ಅಮ್ಮ, ಅನುಮಾನ ಬರುವಷ್ಟು ಬೇಗ.

ಮರುದಿನ ನಸುಕಿನಲ್ಲಿ ತೈಚುಂಗ್ ನಗರ ಬಿಟ್ಟ ಮಿನಿಬಸ್ಸಿನಲ್ಲಿ ಗೈಡ್ ಹುಯೆ ಅಕ್ಕ ಮೈಕ್ ಹಿಡಿದು ಒಂದೇ ಸಮನೆ ಮಾತಾಡುತ್ತಿದ್ದಳು. ಕೈಲಿಂಗ್ ಬೇಕೆಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಗಂಡಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಪಾಠ ಮಾಡಿಕೊಳ್ಳುತ್ತಿದ್ದಳು.

ಪೂಲಿಯಲ್ಲಿ ಬಸ್ ನಿಂತಿತು. ಹತ್ತಿದವನು ಎತ್ತರವಾಗಿದ್ದ. ಮಂಡಿಯವರೆಗೆ ಕಪ್ಪು ಮಳೆಬೂಟು. ಬಂದವನೇ ಯುಲಾನ್ ಆಂಟಿಯ ಮಡಿಲಲ್ಲಿದ್ದ ಚೀಲವನ್ನು ಎತ್ತಿಕೊಂಡು ಮುಖ ಕಿವುಚಿದ.

"ಏನಾಂಟಿ ಇದು, ಕಲ್ಲು ತುಂಬ್ಕೊಂಡು ಬಂದಿದ್ದೀರಾ?"

"ಮೊಟ್ಟೆ ಕಣಪ್ಪ. ಪೇರಲೆ. ಫ್ಲಾಸ್ಕಲ್ಲಿ ಎಳ್ಳೆಣ್ಣೆ ಕೋಳಿ ಸಾರು. ಬೆಟ್ಟಕ್ಕೆ ಹೋಗೋದಂದ್ರೆ ಉಪವಾಸ ಇರೋದಾ?"

ಅವನು ನಕ್ಕು ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡ. ನಗುವಾಗ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನೋಡಲು ಕೆಟ್ಟದಾಗಿ ಇಲ್ಲವಲ್ಲ ಎಂದು ಕೈಲಿಂಗಳಿಗೆ ಸಿಟ್ಟು ಬಂತು.

ಬೆಟ್ಟ ಹತ್ತತೊಡಗಿದ ಮೇಲೆ ಸಿಟ್ಟು ಇನ್ನೂ ಹೆಚ್ಚಿತು. ಹುಯೆ ಅಕ್ಕ ಎಲ್ಲರಿಗಿಂತ ಮುಂದೆ. ಅವಳ ಹಿಂದೆ ನಿವೃತ್ತ ಮೇಷ್ಟ್ರುಗಳ ಗುಂಪು, ಆಮೇಲೆ ಕೆಂಪು ಟೋಪಿಯ ಯುಲಾನ್ ಆಂಟಿ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಲ್ಲುವ ಕೈಲಿಂಗಳಿಗೆ ನಿಲ್ಲುವುದು ಬರುತ್ತಿತ್ತು, ಹತ್ತುವುದು ಬರುತ್ತಿರಲಿಲ್ಲ. ಅವಳು ಹಿಂದೆ ಬಿದ್ದಳು. ಅವಳ ಹಿಂದೆ ಮಳೆಬೂಟು.

ಅವಳು ನಿಂತರೆ ಅವನೂ ನಿಲ್ಲುತ್ತಿದ್ದ. ಅವಳು ಶೂ ಲೇಸ್ ಕಟ್ಟಲು ಬಗ್ಗಿದರೆ ಅವನು ಪಕ್ಕದ ಜರಿಗಿಡವನ್ನು ಜನ್ಮದಲ್ಲೇ ನೋಡಿಲ್ಲವೇನೋ ಎಂಬಂತೆ ನೋಡುತ್ತಿದ್ದ.

"ಬೇಕಾದ್ರೆ ಮುಂದೆ ಹೋಗಿ," ಎಂದಳು.

"ಬೇಡ. ನಾನಿಲ್ಲೇ ಆರಾಮಾಗಿದ್ದೀನಿ."

ಇಳಿದು ಬರುತ್ತಿದ್ದ ಅಜ್ಜ ಒಬ್ಬರು ಅವಳ ಮುಖ ನೋಡಿ ಹುರಿದುಂಬಿಸಿದರು: "ಬಂದೇಬಿಟ್ರಿ ಮಗಳೇ, ಇನ್ನು ಹತ್ತೇ ನಿಮಿಷ!" ತುಂಬ ಹೊತ್ತು ನಡೆದ ಮೇಲೆ ಸಿಕ್ಕ ದಂಪತಿಗಳೂ ಅದನ್ನೇ ಹೇಳಿದರು. ಇನ್ನೂ ಎಷ್ಟೋ ತಿರುವು ದಾಟಿದ ಮೇಲೆ ಸಿಕ್ಕ ಕಾಲೇಜು ಹುಡುಗರೂ ಅದನ್ನೇ ಕೂಗಿದರು. ಬೆಟ್ಟದಲ್ಲಿ ಎದುರಾದವರಿಗೆ ಹೀಗೆ ಹೇಳಿಯೇ ಮುಂದೆ ಹೋಗುವುದು ಎಲ್ಲರ ವಾಡಿಕೆ.

ಕೈಲಿಂಗ್ ಬಂಡೆಯೊಂದಕ್ಕೆ ಒರಗಿದಳು. "ನಿಜವಾಗ್ಲೂ ಇನ್ನೆಷ್ಟು ದೂರ?"

"ನಿಜ ಬೇಕಾ?"

"ಹೂಂ."

"ಇನ್ನೂ ಅರ್ಧ ದಾರಿ ಇದೆ. ಕಡಿದಾದ ಏರು ಇನ್ನು ಮುಂದೇನೇ ಬರೋದು."

"ಒಂದು ಸುಳ್ಳಾದ್ರೂ ಹೇಳಬಾರದಾ? ಎಲ್ಲರೂ ಹೇಳ್ತಾರೆ!"

"ಬೆಟ್ಟದ ಮೇಲೆ ನಾನು ಸುಳ್ಳು ಹೇಳಲ್ಲ. ಕಾಲಿಗೆ ಕೋಪ ಬರುತ್ತೆ."

ಅವಳಿಗೆ ನಗು ಬಂತು. ಬಂದದ್ದು ಅವನಿಗೆ ಕಾಣದಿರಲಿ ಎಂದು ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು.

ನೆತ್ತಿ ತಲುಪಿದಾಗ ಉಳಿದವರೆಲ್ಲ ದೂರದಲ್ಲಿ ಕೂತು ಶುಂಠಿ ಚಹಾ ಕಾಯಿಸುತ್ತಿದ್ದರು. ಹೇಳುವುದಾದರೆ ಇಲ್ಲೇ ಎಂದು ಕೈಲಿಂಗ್ ಗಟ್ಟಿ ಮನಸ್ಸು ಮಾಡಿದಳು.

"ಸ್ವಲ್ಪ ನಿಲ್ಲಿ. ನೇರವಾಗಿ ಮಾತಾಡಿಬಿಡ್ತೀನಿ. ನೀವು ಯಾಕೆ ನನ್ನ ಹಿಂದೆನೇ ಬರ್ತಿದ್ದೀರ ಅಂತ ನಂಗೆ ಗೊತ್ತು."

"ಗೊತ್ತಾ? ಒಳ್ಳೇದಾಯ್ತು. ಎಷ್ಟೋ ಜನ ಅದಕ್ಕೆ ಸಿಟ್ಟಾಗ್ತಾರೆ."

"ನಂಗೂ ಸಿಟ್ಟೇ ಬಂದಿದೆ. ನಿಮ್ಮ ತಪ್ಪೇನಿಲ್ಲ. ನೀವು... ನೋಡೋಕೆ ಪರವಾಗಿಲ್ಲ."

"ಪರವಾಗಿಲ್ವಾ?"

"ಪರವಾಗಿಲ್ಲ, ಅಷ್ಟೇ. ಆದ್ರೆ ನಾನು ಸಂಬಳ ಹೇಳಲ್ಲ. ಬ್ಲಡ್ ಗ್ರೂಪ್ ಹೇಳಲ್ಲ. ನಂಗೆ ಅಡುಗೆ ಬರಲ್ಲ. ಅತ್ತೆ ಮನೇಲಿ ಇರಲ್ಲ."

ಅವನ ಹುಬ್ಬು ಮೇಲೇರಿತು. "ನೋಡಿ, ನಾನು—"

"ನಡುವೆ ಬಾಯಿ ಹಾಕ್ಬೇಡಿ, ಮರೆತುಹೋಗುತ್ತೆ! ಬಸ್ಸಲ್ಲಿ ಕೂತು ಇಷ್ಟನ್ನೂ ಪಾಠ ಮಾಡ್ಕೊಂಡು ಬಂದಿದ್ದೀನಿ."

ಅವನು ಹೆಗಲ ಚೀಲ ಕೆಳಗಿಟ್ಟು ನಿಂತ.

"ನಾನೇ ಬೇಡ ಅಂದ್ರೆ ಅಮ್ಮ ಮುಖ ಊದಿಸ್ಕೊಂಡು ಕೂತ್ಬಿಡ್ತಾಳೆ. ಅದಕ್ಕೇ ನೀವೇ ಯುಲಾನ್ ಆಂಟಿ ಹತ್ರ ಹೋಗಿ, ಈ ಹುಡುಗಿ ನಂಗೆ ಇಷ್ಟ ಆಗ್ಲಿಲ್ಲ ಅಂದ್ಬಿಡಿ. ಅಷ್ಟು ಮಾಡಿದ್ರೆ ಸಾಕು, ಪುಣ್ಯ ಬರುತ್ತೆ."

ಅವನು ಅವಳನ್ನು ನೋಡಿದ. ದೂರದ ಕೆಂಪು ಟೋಪಿಯನ್ನು ನೋಡಿದ. ಏನೋ ಅರ್ಥವಾದಂತೆ ತುಟಿಯ ತುದಿ ಅದುರಿತು.

"ಯುಲಾನ್ ಆಂಟಿಗೆ. ಈ ಹುಡುಗಿ ಇಷ್ಟ ಆಗ್ಲಿಲ್ಲ ಅಂತ."

"ಹೂಂ. ಮಾತು ಕೊಡಿ."

"ಪ್ರಯತ್ನ ಮಾಡ್ತೀನಿ."

"ನಗ್ತಿದ್ದೀರಾ?"

"ಇಲ್ಲ." ಅವನು ತಕ್ಷಣ ತಿದ್ದಿಕೊಂಡ. "ಹೂಂ, ನಗ್ತಿದ್ದೀನಿ."

ಅಚ್ಚರಿಯೆಂದರೆ, ಅಲ್ಲಿಂದ ಇಳಿಯುವ ದಾರಿ ಅವಳಿಗೆ ಹಗುರಾಯಿತು. ಬೇಡವೆಂದು ಹೇಳಿ ಆಗಿತ್ತು. ಇನ್ನು ಚೆನ್ನಾಗಿ ಕಾಣಿಸಬೇಕೆಂಬ ಹಂಗಿಲ್ಲ. ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ಕೆಮ್ಮಿನ ಔಷಧಿ ಕೇಳಲು ಬರುವವರು ಅಂಗಡಿಯ ಬಾಗಿಲಲ್ಲೇ ಒಂದು ಸಲ ಕೆಮ್ಮಿ ತೋರಿಸಿ ಒಳಗೆ ಬರುವುದನ್ನು ನಟಿಸಿಯೂ ತೋರಿಸಿದಳು. ಅವನು ಬಿದಿರು ಹಿಡಿದು ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕ. ತನ್ನ ಮಾತಿಗೆ ಯಾರಾದರೂ ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಅವಳು ಯೋಚಿಸಿದಳು.

ಹೊಳೆ ದಾಟುವಲ್ಲಿ ಅವನು ಮಳೆಬೂಟಿನಲ್ಲೇ ನಡುನೀರಿಗಿಳಿದು ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದ. ಕೊನೆಗೆ ಕೈಲಿಂಗ್. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ದಡ ಬಂದ ಮೇಲೂ ಅವಳು ಕೈ ಬಿಡುವುದನ್ನು ಮರೆತಿದ್ದಳು.

"ದಡ ಬಂತು," ಎಂದ ಅವನು.

"ಕಾಣ್ತಿದೆ!" ಎಂದು ಅವಳು ಕೈ ಕಿತ್ತುಕೊಂಡಳು.

ಹೊಳೆಯ ಅಂಚಿನಲ್ಲಿ ಕಲ್ಲುಗಳ ಸಂದಿಯಿಂದ ಹಬೆ ಏಳುತ್ತಿತ್ತು. ಹೋದ ಸಲ ಬಂದವರು ಕಟ್ಟಿದ್ದ ಕೊಳವನ್ನು ನೀರು ಕೊಚ್ಚಿಕೊಂಡು ಹೋಗಿತ್ತು. ಹೊಸದಾಗಿ ಕಟ್ಟಿಕೊಂಡೇ ಕೂರಬೇಕು. ಮೇಷ್ಟ್ರುಗಳು ಪ್ಯಾಂಟ್ ಮಡಿಚಿ ಸಲಿಕೆ ಹಿಡಿದರು. ಕೈಲಿಂಗ್ ಮರಳು ತೋಡಿದಳು. ಅವನು ಸುತ್ತ ಕಲ್ಲು ಜೋಡಿಸಿ, ಹೊಳೆಯ ಕಡೆಗೆ ಒಂದು ಚಪ್ಪಟೆ ಕಲ್ಲನ್ನು ಬಾಗಿಲಿನಂತೆ ನಿಲ್ಲಿಸಿದ. ಅದನ್ನು ಸರಿಸಿದರೆ ತಣ್ಣೀರು ಒಳಗೆ, ಮುಚ್ಚಿದರೆ ಬರೀ ಬಿಸಿ.

ಬಟ್ಟೆ ಬದಲಿಸಿ ಕತ್ತಿನವರೆಗೂ ಮುಳುಗಿ ಕೂತಾಗ ಕೈಲಿಂಗಳ ಕಾಲಿನ ನೋವೆಲ್ಲ ಕರಗಿತು. ಯುಲಾನ್ ಆಂಟಿ ಮೊಟ್ಟೆಯ ಬಲೆಚೀಲವನ್ನು ಬುಗ್ಗೆಯ ಬಾಯಿಗೆ ಇಳಿಬಿಟ್ಟು ಬಂದು ಅವಳ ಪಕ್ಕ ಕೂತರು. ಮುಖ ಸಣ್ಣಗಾಗಿತ್ತು.

"ನಿಮ್ಮಮ್ಮಂಗೆ ಹೆಂಗೆ ಮುಖ ತೋರಿಸ್ಲಿ ಮಗಳೇ? ಆ ಕತ್ತೆ ಪೂಲಿಯಲ್ಲಿ ಬಸ್ ಹತ್ತಲೇ ಇಲ್ಲ. ನಿದ್ದೆ ಬಂದ್ಬಿಡ್ತಂತೆ!"

"ಯಾವ ಕತ್ತೆ?"

"ನನ್ನ ಅಣ್ಣನ ಮಗ. ಇನ್ಯಾರು?"

ಕೈಲಿಂಗ್ ನಿಧಾನಕ್ಕೆ ಕೇಳಿದಳು. "ಮತ್ತೆ... ಮಳೆಬೂಟು? ನಿಮ್ಮ ಚೀಲ ಹೊತ್ಕೊಂಡವರು?"

"ಬೊಯಾನಾ? ಅವನು ಗೈಡ್ ಅಲ್ವೇನೇ! ಪೂಲಿ ಕಡೆಯವರೆಲ್ಲ ಬೆಟ್ಟಕ್ಕೆ ಮಳೆಬೂಟೇ ಹಾಕೋದು. ಹುಯೆ ಮುಂದೆ, ಅವನು ಹಿಂದೆ. ಎಲ್ಲರಿಗಿಂತ ನಿಧಾನಕ್ಕೆ ನಡೆಯೋರು ಯಾರೋ ಅವರ ಹಿಂದೆ ನಡೆಯೋದೇ ಅವನ ಕೆಲಸ. ಮೈಕಲ್ಲಿ ಹೇಳಿದ್ಲಲ್ಲ ಹುಯೆ."

ಕೈಲಿಂಗ್ ಮೂಗಿನವರೆಗೆ ನೀರಿನೊಳಗೆ ಜಾರಿದಳು. ಅಡುಗೆ ಬರಲ್ಲ. ಅತ್ತೆ ಮನೇಲಿ ಇರಲ್ಲ. ನೋಡೋಕೆ ಪರವಾಗಿಲ್ಲ. ಪಾಪ, ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ ಮನುಷ್ಯನಿಗೆ ಇದನ್ನೆಲ್ಲ ಹೇಳಿದ್ದಳು.

ಅದೇ ಹೊತ್ತಿಗೆ ಬೊಯಾನ್ ಚಪ್ಪಟೆ ಕಲ್ಲಿನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. "ನೀರು ಹೇಗಿದೆ? ಮುಖ ಕೆಂಪಗಾಗಿದೆಯಲ್ಲ. ತಣ್ಣೀರು ಬಿಡ್ಲಾ?"

"ಬಿಡಿ. ಇಡೀ ಹೊಳೆನೇ ಬಿಡಿ."

ಅವನಿಗೆ ತಿಳಿಯಿತು. ಕೆನ್ನೆಯ ಗುಳಿ ಕಾಣಿಸಿ ಮಾಯವಾಯಿತು.

"ಮೊದ್ಲೇ ಹೇಳಬಾರದಿತ್ತಾ?" ಎಂದು ಪಿಸುಗುಟ್ಟಿದಳು.

"ಬಾಯಿ ತೆಗೆದೆ. ಪಾಠ ಮರೆತುಹೋಗುತ್ತೆ ಅಂದ್ರಿ."

"ಆಮೇಲೆ ಹೇಳಬಹುದಿತ್ತು."

"ಆಮೇಲೆ ನೀವು ಮಾತಾಡ್ತಾನೇ ಇರ್ಲಿ ಅನ್ನಿಸ್ತು. ಹೇಳಿಬಿಟ್ರೆ ಮಾತು ನಿಲ್ಲಿಸ್ತೀರಿ ಅಂತ ಸುಮ್ನಿದ್ದೆ. ತಪ್ಪಾಯ್ತು." ಅವನು ಎದ್ದು ನಿಂತ. "ಆದ್ರೆ ಒಪ್ಪಿಕೊಂಡ ಕೆಲಸ ಒಂದಿದೆಯಲ್ಲ."

ಬೇಡ ಎನ್ನಲು ಅವಳಿಗೆ ಹೊಳೆಯುವ ಮೊದಲೇ ಅವನು ಆಂಟಿಯ ಎದುರಿಗೆ ಹೋಗಿ ನಿಂತಿದ್ದ. ಕೈಲಿಂಗ್ ನೀರಿನಿಂದ ಅರ್ಧ ಎದ್ದಳು. ನೆತ್ತಿಯ ಮೇಲೆ ಹಟ ಹಿಡಿದು ಕೇಳಿದ ಮಾತು ಈಗ ಅವಳಿಗೆ ಬೇಡವಾಗಿತ್ತು. ತಮಾಷೆಗೂ ಅವನ ಬಾಯಿಂದ ಅದು ಬರಬಾರದಿತ್ತು.

"ಆಂಟಿ, ನಿಮಗೊಂದು ಮಾತು ಹೇಳೋಕೆ ಪ್ರಯತ್ನ ಮಾಡ್ತೀನಿ ಅಂತ ಇವರ ಹತ್ರ ಒಪ್ಪಿಕೊಂಡಿದ್ದೆ."

"ಏನಪ್ಪಾ?"

"ಈ ಹುಡುಗಿ ನಂಗೆ..."

ಮೇಷ್ಟ್ರುಗಳೂ ತಿರುಗಿ ನೋಡಿದರು. ಬೊಯಾನ್ ಕಿವಿಯವರೆಗೆ ಕೆಂಪಾಗಿ, ಕೈಲಿಂಗಳ ಕಡೆ ನೋಡಿ, ತಲೆ ಕೆರೆದುಕೊಂಡ.

"ಆಗಲ್ಲ. ಇದನ್ನ ಹೇಳೋಕಾಗಲ್ಲ. ಬೆಟ್ಟದ ಮೇಲೆ ನಾನು ಸುಳ್ಳು ಹೇಳಲ್ಲ."

ಯುಲಾನ್ ಆಂಟಿ ಅವನ ಮುಖ, ಇವಳ ಮುಖ ಎರಡನ್ನೂ ನೋಡಿದರು. ಸಣ್ಣಗಾಗಿದ್ದ ಅವರ ಮುಖ ಅಗಲವಾಯಿತು. "ಹುಯೇ! ಮೊಟ್ಟೆ ಬೆಂದಿದೆ, ಎಲ್ಲರನ್ನೂ ಆ ಕಡೆ ಕರ್ಕೊಂಡು ಹೋಗೇ!" ಎಂದು ಕೂಗಿಕೊಂಡರು.

ಯಾರೂ ಕದಲಲಿಲ್ಲ. ಅಷ್ಟು ಜನರ ನಡುವೆ ಕೈಲಿಂಗ್ ಏನು ಹೇಳಿಯಾಳು? "ನೀರು ಈಗ ಸರಿಯಾಗಿದೆ," ಎಂದಳು. ಅವನು ತಲೆಯಾಡಿಸಿ ಒದ್ದೆ ಸಲಿಕೆಗಳನ್ನು ತೊಳೆಯಲು ಹೋದ.

ಊಟದ ಹೊತ್ತಿಗೆ ಹುಯೆ ಅಕ್ಕ ಕೋಳಿ ಸಾರು ಹೀರುತ್ತ ಹೇಳಿದಳು. "ಈ ಸೀಸನ್ನಿಗೆ ಇದೇ ಕೊನೇ ಟ್ರಿಪ್. ಇನ್ನು ಮಳೆ ಶುರುವಾದ್ರೆ ದಾರಿ ಬಂದ್. ಚಳಿ ಬರೋವರೆಗೂ ಈ ಕಡೆ ಯಾರೂ ಬರಲ್ಲ."

ಕೈಲಿಂಗಳ ಕೈಯಲ್ಲಿ ಮೊಟ್ಟೆ ಹಾಗೇ ಉಳಿಯಿತು. ಬಸ್ಸು ಸುತ್ತಿಕೊಂಡು ಬಂದು ಕೆಳಗಿನ ಹಳ್ಳಿಯಲ್ಲಿ ಕಾಯುತ್ತಿರುತ್ತದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೇಳಿದರೆ ಹೇಳಿದಂತೆ. ಇಲ್ಲದಿದ್ದರೆ ಅಮ್ಮನಿಂದ ಗೆದ್ದುಕೊಂಡ ಸ್ವಾತಂತ್ರ್ಯವನ್ನು ಮನೆಯಲ್ಲಿಟ್ಟುಕೊಂಡು ಪೂಜೆ ಮಾಡಬೇಕು.

ಹೊರಡುವಾಗ ದಾರಿ ಸಪಾಟಾಗಿತ್ತು. ಕಾಲು ಹಗುರವಾಗಿತ್ತು. ಬೇಕಿದ್ದರೆ ಅವಳು ಮೇಷ್ಟ್ರುಗಳನ್ನೂ ಹಿಂದೆ ಹಾಕಬಹುದಿತ್ತು. ಆದರೆ ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರ ಹಿಂದೆ ಅವನು ಬರಲೇಬೇಕು. ಕೈಲಿಂಗ್ ಮಂಡಿ ಹಿಡಿದುಕೊಂಡು ನಿಂತುಬಿಟ್ಟಳು, ಅಮ್ಮನ ಮಗಳಲ್ಲವೇ.

"ಏನಾಯ್ತೇ?" ಎಂದರು ಯುಲಾನ್ ಆಂಟಿ.

"ಮಂಡಿ ನೋವು ಆಂಟಿ. ನೀವು ನಡೀರಿ."

"ಅಯ್ಯೋ ಪಾಪ," ಎಂದು ಆಂಟಿ ಹಿಂದೆ ನೋಡದೆ ಓಟದಂತೆ ನಡೆದರು.

ಮಳೆಬೂಟಿನ ಸದ್ದು ಹತ್ತಿರ ಬಂತು.

"ಮಂಡಿ ಹೇಗಿದೆ?"

"ತುಂಬಾ ನೋವು."

"ಆಗ ಎಡಗಡೆದು ಹಿಡ್ಕೊಂಡಿದ್ರಿ."

ಕೈಲಿಂಗ್ ಬಲ ಮಂಡಿಯಿಂದ ಕೈ ತೆಗೆದಳು. "ನೋಡಿ, ಇದನ್ನ ನಾನು ಪಾಠ ಮಾಡ್ಕೊಂಡಿಲ್ಲ. ಸರಿಯಾಗಿ ಬರಲ್ಲ. ನಡುವೆ ಬಾಯಿ ಹಾಕ್ಬೇಡಿ."

"ಹಾಕಲ್ಲ."

"ಬೆಳಿಗ್ಗೆ ಹೇಳಿದ್ದೆಲ್ಲ ಅವನ್ಯಾರೋ ಮಲಗಿದ್ನಲ್ಲ, ಅವನಿಗೆ. ನಿಮಗಲ್ಲ. ನಿಮಗೆ ಬೇರೆ ಹೇಳ್ಬೇಕು. ನೀವಂದ್ರೆ ನಂಗಿಷ್ಟ. ನಿಮ್ಮ ಜೊತೆ ಮಾತಾಡ್ತಿದ್ರೆ ನಾನು ನಾನಾಗಿರ್ತೀನಿ. ನನ್ನ ಬ್ಲಡ್ ಗ್ರೂಪ್ ಬಿ. ಅಡುಗೆ ನಿಜವಾಗ್ಲೂ ಬರಲ್ಲ."

ಅವನು ಕೆನ್ನೆ ಸವರಿಕೊಂಡ. "ನೋಡೋಕೆ?"

"ಏನು ನೋಡೋಕೆ?"

"ನೋಡೋಕೆ ನಾನು ಇನ್ನೂ ಪರವಾಗಿಲ್ಲ, ಅಷ್ಟೇನಾ?"

"...ಚೆನ್ನಾಗಿದ್ದೀರ," ಎಂದಳು ನೆಲ ನೋಡುತ್ತ. "ಒಂದು ಕೆನ್ನೆ ಸ್ವಲ್ಪ ಜಾಸ್ತಿ."

ಬೊಯಾನ್ ಜೋರಾಗಿ ನಕ್ಕ. ಮಂಡಿ ನೋವಿನವರಿಗೆ ಆಸರೆ ಬೇಕಲ್ಲ ಎಂದು ಕೈ ಚಾಚಿದ. ಈ ಸಲ ದಡವೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ಅವಳು ಹಿಡಿದುಕೊಂಡಳು.

"ನಿಮ್ಮ ಔಷಧಿ ಅಂಗಡಿ ತೈಚುಂಗ್‌ನಲ್ಲಿ ಎಲ್ಲಿ?" ಎಂದು ಕೇಳಿದ. "ಮುಂದಿನ ವಾರ ನಂಗೆ ಕೆಮ್ಮು ಬರೋ ಹಾಗಿದೆ."

"ಬಾಗಿಲಲ್ಲೇ ಕೆಮ್ಮಿ ಒಳಗೆ ಬನ್ನಿ. ಬೆಳಗ್ಗಿನ ಮಾರ್ಕೆಟ್ ಎದುರಿಗೆ, ಹಸಿರು ಬೋರ್ಡು."

ಇಬ್ಬರೂ ನಡೆದರು, ಇನ್ನಷ್ಟು ನಿಧಾನಕ್ಕೆ. ಬಿದಿರಿನ ಮೆಳೆ ಮುಗಿಯುವ ತಿರುವಿನಲ್ಲಿ, ಕೆಳಗೆ, ಮಿನಿಬಸ್ಸಿನ ನೀಲಿ ನೆತ್ತಿ ಕಾಣಿಸಿತು. ಡ್ರೈವರ್ ಹಾರ್ನ್ ಹೊಡೆದ. ಹೊಡೀಬೇಡವೋ ಎಂದು ಯುಲಾನ್ ಆಂಟಿ ಅವನನ್ನು ಬೈಯುವುದು ಸ್ಪಷ್ಟವಾಗಿ ಕೇಳಿಸಿತು.

ಕೈಲಿಂಗ್ ಬಸ್ಸಿಗೆ ಬೆನ್ನು ಮಾಡಿ ನಿಂತಳು.

"ನಿಜ ಹೇಳಿ. ಇನ್ನೆಷ್ಟು ದೂರ?"

ಬೊಯಾನ್ ಅವಳ ತಲೆಯ ಮೇಲಿಂದ ಬಸ್ಸನ್ನು ನೋಡಿದ. ತನ್ನ ಕೈಯಲ್ಲಿದ್ದ ಅವಳ ಕೈ ನೋಡಿದ. ಬೆಟ್ಟದ ಮೇಲೆ ಎಂದೂ ಸುಳ್ಳು ಹೇಳದವನು ಒಂದು ಸಲ ಉಸಿರೆಳೆದುಕೊಂಡ.

"ಇನ್ನೂ ತುಂಬಾ ದೂರ ಇದೆ," ಎಂದ.