ವನದುರ್ಗದ ಗೇಟು ಕಳಿಸಿದ ಸುಳ್ಳು

ವನದುರ್ಗದ ಗೇಟು ಕಾಯುವ ಹುಲಗಪ್ಪ ರಂಗಂಪೇಟೆಯ ಗೊಲ್ಲಾಳಮ್ಮನ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಕೊರಳಲ್ಲಿ ಕಾಲುವೆ ಗೇಟಿನ ಕೀಲಿ ತೂಗುತ್ತಿತ್ತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದ ಗೊಲ್ಲಾಳಮ್ಮನ ಬಾಗಿಲಿಗೆ ಸುತ್ತಲಿನ ಬಿಡಿಸಲಾಗದ ತಂಟೆಗಳೆಲ್ಲ ಬರುತ್ತಿದ್ದವು. ಹುಲಗಪ್ಪನ ಪಕ್ಕದಲ್ಲಿ ಅವನ ಗೆಳೆಯ ತಿಮ್ಮಣ್ಣ ಕೂತಿದ್ದ.

"ನಾ ಗೇಟು ಎತ್ತಿಲ್ರಿ ಅಕ್ಕೋರ," ಎಂದ ಹುಲಗಪ್ಪ. "ಗೇಟಿನ ಡಬ್ಬಿ ಎತ್ತ್ಯಾನ ಅಂತದ. ನಾಳಿ ಸಂಘದವ್ರು ಕೀಲಿ ಕಸಗೊಂಡು ಕೆಲಸದಿಂದ ತಗೀತಾರ."

ಯಾರೋ ಸರದಿ ಮೀರಿ ಕಾಲುವೆ ನೀರು ಬಿಟ್ಟುಕೊಂಡಿದ್ದರು. ಕೆಳಗಿನ ಹೊಲಗಳ ಭತ್ತದ ಸಸಿ ಬಾಡಿತ್ತು. ಗೇಟಿಗೆ ಬಿಗಿದ ಪುಟ್ಟ ಡಬ್ಬಿಯಿಂದ ನೀರು ಬಳಕೆದಾರರ ಸಂಘದ ಫೋನಿಗೆ ಬಂದ ಸಂದೇಶ ಒಂದೇ ಸಾಲು: "ವನದುರ್ಗ ಗೇಟು ತೆರೆದಿದೆ." ಆ ಗೇಟಿನ ಕೀಲಿ ಇದ್ದದ್ದು ಹುಲಗಪ್ಪನ ಬಳಿ ಮಾತ್ರ.

ಮೂವರೂ ಬಸ್ಸು ಹಿಡಿದು ವನದುರ್ಗಕ್ಕೆ ಹೋದರು. ಗೇಟಿನ ತಿರುಪಿನ ಮೇಲೆ ಜೇಡ ಹಳೆಯ ಬಲೆ ಕಟ್ಟಿಕೊಂಡು ಕೂತಿತ್ತು. ಈ ಹಂಗಾಮಿನಲ್ಲಿ ವನದುರ್ಗದ ಸರದಿ ಇನ್ನೂ ಬಂದಿರಲಿಲ್ಲ. ಡಬ್ಬಿಯ ಮೊಳೆಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಕಾಲುವೆ ನೀರು ನಿಂತಿದ್ದಾಗ ಮೆಕ್ಯಾನಿಕ್ ಖಾಜಾಹುಸೇನ ಇದನ್ನೂ ಪಕ್ಕದ ಗೋಗಿ ಊರಿನ ಗೇಟಿನ ಡಬ್ಬಿಯನ್ನೂ ರಿಪೇರಿಗೆ ಒಯ್ದು ತಂದಿದ್ದನಂತೆ.

ನೀರಿನ ಬಗ್ಗೆ ಯಾರು ಯಾರು ದೂರು ಕೊಟ್ಟರೆಂದು ಗೊಲ್ಲಾಳಮ್ಮ ಸಂಘದ ಅಧ್ಯಕ್ಷ ನಾಗಣ್ಣನನ್ನು ಕೇಳಿದಳು.

"ಎಲ್ಲಾರೂ ಬೈದು ಹೋಗ್ಯಾರ್ರಿ, ವನದುರ್ಗದವ್ರು ಸೈತ. ಗೋಗಿಯವ್ರು ಒಬ್ಬರು ಸುಮ್ನದಾರ. ಭಾಳ ಸಂಭಾವಿತರು."

ಗೊಲ್ಲಾಳಮ್ಮ ನಕ್ಕಳು. ತಿಮ್ಮಣ್ಣನಿಗೆ ನಗುವಂಥದ್ದೇನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಲ್ಲರನ್ನೂ ಅದೇ ಗೇಟಿನ ಬಳಿ ಕರೆಸಿದಳು. ಖಾಜಾಹುಸೇನನೂ ಗೋಗಿಯ ಗೇಟು ಕಾಯುವ ಮಲ್ಲಣ್ಣನೂ ಬಂದಿದ್ದರು. ಎಲ್ಲರ ಎದುರಿಗೆ ಹುಲಗಪ್ಪ ಕೀಲಿ ತಿರುವಿ ಗೇಟನ್ನು ತುಸು ಎತ್ತಿದ. ನಾಗಣ್ಣನ ಫೋನಿಗೆ ಸಂದೇಶ ಬಂತು.

"ಗೋಗಿ ಗೇಟು ತೆರೆದಿದೆ," ಎಂದು ಓದಿ ಅವನು ಕಣ್ಣು ಕಣ್ಣು ಬಿಟ್ಟ.

"ಡಬ್ಬಿ ಬೇಕಂತ ಸುಳ್ಳು ಹೇಳಿಲ್ಲ," ಎಂದಳು ಗೊಲ್ಲಾಳಮ್ಮ. "ಅದರ ಚಿಪ್‌ನಾಗ ಆ ಹೊತ್ತಿಗೆ ಮಾತು ಜೋಡಸಾಕ ಜಾಗಾನೇ ಇಲ್ಲ. ಅದಕ್ಕ ಪ್ರೋಗ್ರಾಂ ಕಂಪೈಲ್ ಮಾಡೂವಾಗನ, ಅಂದ್ರ ಚಿಪ್‌ಗೆ ತಿಳಿಯೂ ಭಾಷಾಕ್ಕ ಇಳಸೂವಾಗನ, ಊರ ಹೆಸರು ಸೇರಿಸಿ, ಇಡೀ ಸಾಲು ಕಟ್ಟಿ ಒಳಗ ಇಟ್ಟಿರ್ತಾರ. ಗೇಟು ಎದ್ದರ ಅದನ್ನ ಕಳಸ್ತದ. ತಾ ಯಾವ ಊರಾಗ ಅದೀನಿ ಅಂತ ಅದಕ್ಕ ಗೊತ್ತಾಗಂಗಿಲ್ಲ."

ಖಾಜಾಹುಸೇನ ಹಣೆ ಬಡಿದುಕೊಂಡ. ಹೊರಗಿನಿಂದ ಒಂದೇ ಥರ ಇದ್ದ ಡಬ್ಬಿಗಳನ್ನು ಅವನು ಅದಲುಬದಲು ಕೂಡಿಸಿದ್ದ. ಡಬ್ಬಿ ಬಿಚ್ಚಿ ಮತ್ತೆ ಕೂಡಿಸಿದ್ದನ್ನು ಹೊಸ ಮೊಳೆ ಹೇಳಿತ್ತು. ಈ ಗೇಟು ಎದ್ದೇ ಇಲ್ಲವೆಂದು ಜೇಡನ ಬಲೆ ಹೇಳಿತ್ತು. ನೀರು ಹೋದದ್ದೆಲ್ಲಿಗೆ ಎಂಬುದನ್ನು ಗೋಗಿಯವರ ಮೌನ ಹೇಳಿತ್ತು.

ಎಲ್ಲರೂ ಮಲ್ಲಣ್ಣನ ಕಡೆ ತಿರುಗಿದರು. ಅವನು ಮುಂದೆ ಬಂದ.

"ನನ್ನ ಸಸಿ ಒಣಗಾಕತ್ತಿದ್ದವ್ರಿ. ಸಿಕ್ಕೊಳ್ಳಾಂವನೇ ಇದ್ದೆ. ಫೋನಿನಾಗ ಬ್ಯಾರೆ ಊರ ಹೆಸರು ಬಂತು, ಬಾಯಿ ಮುಚ್ಚಿಕೊಂಡೆ." ತನ್ನ ಕೀಲಿಯನ್ನು ತಾನೇ ತೆಗೆದು ನಾಗಣ್ಣನ ಕೈಗಿಟ್ಟ. "ನನ್ನ ಮುಂದಿನ ಸರದಿ ಕೆಳಗಿನವರಿಗೆ ಬಿಡ್ರಿ. ಅವರ ಸಸಿ ಬೇರು ಇನ್ನಾ ಹಸಿ ಅದಾವ, ಚಿಗೀತಾವ."

ಖಾಜಾಹುಸೇನ ಸಂಜೆಯೊಳಗೆ ಡಬ್ಬಿಗಳನ್ನು ಅವುಗಳ ಊರಿಗೆ ಸೇರಿಸಿದ. ವನದುರ್ಗದ ಸರದಿ ಬಂದ ದಿನ ಹುಲಗಪ್ಪ ಗೇಟು ಎತ್ತಿದ. ತಿಮ್ಮಣ್ಣ ಪಕ್ಕದಲ್ಲೇ ನಿಂತಿದ್ದ. ವನದುರ್ಗದ ಹೆಸರೇ ಬಂತೆಂದು ದೂರದ ಹೊಲದಿಂದ ನಾಗಣ್ಣ ಫೋನು ಹಿಡಿದ ಕೈಯನ್ನು ಮೇಲೆತ್ತಿ ಬೀಸಿದ. ಹುಲಗಪ್ಪ ಕೀಲಿಯನ್ನು ಕೊರಳಿಗೆ ಹಾಕಿಕೊಂಡು, ನೀರಿನ ಜೊತೆ ಏರಿಯುದ್ದಕ್ಕೂ ನಡೆದ.