ಹಾಳೆಯ ಕೆಳಗಿನ ಹೆಸರು

“ಇದನ್ನ ಬರದಾಂವ ನಾ. ಕೆಳಗ ನಿಮ್ಮ ಹೆಸರು ಹ್ಯಾಂಗ ಬಂತ್ರಿ, ಮೇಡಂ?”

ಬಾಗಲಕೋಟೆಯ ಆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಬಸವೇಶ್ವರಿ ತಲೆಯೆತ್ತಿದಳು. ಲ್ಯಾಬಿನ ಬಾಗಿಲಲ್ಲಿ ನಿಂತವನನ್ನು ಅಂದೇ ಅವಳು ಹತ್ತಿರದಿಂದ ನೋಡಿದ್ದು. ಕೇಬಲ್ಲು, ಸ್ವಿಚ್ಚು ನೋಡಿಕೊಳ್ಳಲು ಬಂದಿದ್ದ ಹೊಸ ಟೆಕ್ನಿಷಿಯನ್, ಕೆರೂರಿನ ನಾಸೀರ. ಅವನ ಮೊಬೈಲಿನಲ್ಲಿ ಗೋಡೆಪತ್ರಿಕೆಯ ಫೋಟೊ. ಕಣ್ಣಲ್ಲಿ ಕೋಪ... ಅದಕ್ಕಿಂತ ಹೆಚ್ಚಾಗಿ ನೋವು.

ಗೋಡೆಪತ್ರಿಕೆ ನೋಡಿಕೊಳ್ಳುವವಳು ಅವಳೇ. ‘ಯಾವ ಕಂಪ್ಯೂಟರ್ ಭಾಷೆ ಯಾವ ಮತ?’ ಎಂಬ ಆ ಬರಹ ಪತ್ರಿಕೆಗೆ ಬರೆದುಹಾಕುವ ಪೆಟ್ಟಿಗೆಗೆ ಬಿದ್ದ ದಿನ ಒಬ್ಬಳೇ ಕೂತು ನಕ್ಕಿದ್ದಳು.

‘ಸಿ: ಶರಣರ ದಾರಿ. ನಡುವೆ ಪೂಜಾರಿ ಇಲ್ಲ. ನೇರ ಯಂತ್ರದ ಎದೆಗೇ ಕೈ ಇಡಬಹುದು. ಕೈ ಸುಟ್ಟರೆ ಕೇಳುವವರೂ ಇಲ್ಲ.

ಜಾವಾ: ಆಚಾರವಂತರ ಮನೆ. ಬರೀ ನಮಸ್ಕಾರ ಅನ್ನಬೇಕಾದರೂ ಮೊದಲು ಗೋತ್ರ, ಪ್ರವರ ಒಪ್ಪಿಸಬೇಕು.

ಜಾವಾಸ್ಕ್ರಿಪ್ಟ್: ನಮ್ಮೂರ ದರ್ಗಾ. ಅಂಕಿ ಬರಲಿ, ಅಕ್ಷರ ಬರಲಿ, ಎರಡನ್ನೂ ಕೂಡಿಸಿ ಏನೋ ಒಂದು ಉತ್ತರ ಕೊಟ್ಟು ಕಳಿಸುತ್ತದೆ.

ಪೈಥಾನ್: ಪಂಕ್ತಿ ಊಟ. ನೀವು ಎಂಥವರೇ ಇರಲಿ, ಒಂದು ಬೆರಳು ಸರಿದು ಕೂತರೆ ಎಬ್ಬಿಸಿ ಹೊರಗೆ ಹಾಕುತ್ತದೆ.

ಒಂದು ಮಾತು ಮಾತ್ರ ಎಲ್ಲ ಮತಕ್ಕೂ ಸಮ. ಏನೇ ಕೆಟ್ಟರೂ ಯಂತ್ರದ ತಪ್ಪಲ್ಲ, ಬರೆದವನದೇ ತಪ್ಪು.’

“ಹೆಸರು ನಾನ ಬದಲಿ ಮಾಡೀನಿ,” ಅಂದಳು.

“ಯಾಕ್ರಿ? ನಾ ಜನ್ಮದಾಗ ಬರದದ್ದು ಇದೊಂದ. ನಮ್ಮ ಅಮ್ಮಿಗೆ ಓದಿ ಹೇಳಿ ಬಂದಿದ್ನಿ.”

‘ನಿನ್ನ ಹೆಸರೇ ಅಪಾಯ’ ಎಂದು ಒಬ್ಬ ಮನುಷ್ಯನ ಮುಖಕ್ಕೆ ಹೇಳುವುದು ಹೇಗೆ?

“ಕಳ್ಳರು ಕಾರಣ ಹೇಳೂದಿಲ್ಲ ಬಿಡ್ರಿ,” ಎಂದು ಅವನು ಹೊರಟುಹೋದ.

ಹೋದ ವರ್ಷ ಇದೇ ಕಾಲೇಜಿನ ಖಾದರಬಾಷಾ ಸರ್ ವಾಟ್ಸಾಪ್ ಗ್ರೂಪಿಗೆ ಮತದ ಮೇಲಿನ ಒಂದು ನಗೆಹನಿ ಕಳಿಸಿದ್ದರು. ಅವರಿಗೆ ಅದನ್ನು ಕಳಿಸಿದ ಇನ್ನೊಬ್ಬ ಸರ್ ಇಂದಿಗೂ ಪಾಠ ಮಾಡುತ್ತಾರೆ, ಇಂದಿಗೂ ನಗೆಹನಿ ಕಳಿಸುತ್ತಾರೆ. ಖಾದರಬಾಷಾ ಸರ್ ಅವರನ್ನು ಮಾತ್ರ ಒಂದು ಗುಂಪು ಗೇಟಿನ ಮುಂದೆ ಹೊಡೆದು, ಅಂಗಿ ಹರಿದು ಮೊಣಕಾಲೂರಿಸಿತು. ಕೆಲಸ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಅಂದು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದವರಲ್ಲಿ ಬಸವೇಶ್ವರಿಯೂ ಒಬ್ಬಳು. ನೋಡಿದಳು, ಅಷ್ಟೇ. ಆ ‘ಅಷ್ಟೇ’ ಅವಳನ್ನು ವರ್ಷವಿಡೀ ತಿಂದಿತ್ತು.

ಅದಾದ ಮೇಲೆ ನಾಸೀರ ಎದುರಾದಾಗಲೆಲ್ಲ ಚುಚ್ಚಿದ.

“ಹೊಸಾದು ಏನರ ಬರದ್ರೇನು, ಮೇಡಂ? ಈ ಸಲ ಯಾರದು?”

ಅವಳು ನುಂಗಿಕೊಂಡಳು. ‘ದ್ವೇಷ ಮಾಡಲಿ... ಮೈ ಮೇಲೆ ಗಾಯವಿಲ್ಲದೆ ಓಡಾಡಿಕೊಂಡಿರಲಿ, ಸಾಕು’ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅವನ ಹೆಜ್ಜೆ ಸಪ್ಪಳಕ್ಕೆ ಎದೆ ಯಾಕೆ ಹೊಡೆದುಕೊಳ್ಳುತ್ತಿತ್ತೋ.

ಒಂಬತ್ತನೆಯ ದಿನ ಲ್ಯಾಬಿನ ಉದ್ದ ಮೇಜಿನ ಕೆಳಗೆ ಮಲಗಿ ನಾಸೀರ ಕೇಬಲ್ ಜೋಡಿಸುತ್ತಿದ್ದಾಗ ಮಹಾಂತೇಶ ಬಂದ. ಕಾಲೇಜಿನ ಹಳೆಯ ವಿದ್ಯಾರ್ಥಿ, ಈಗ ಊರಿನದೊಂದು ಸಂಘದ ಮುಂದಾಳು. ಬೆನ್ನಿಗೆ ನಾಲ್ವರು.

“ಮೇಡಂ, ಆ ಮತ-ಗಿತ ಅಂತ ಬರದಾಂವ ನಾಸೀರ ಅಂತ ಸುದ್ದಿ ಐತಿ. ಎಲ್ಲದಾನ ಅಂವ?”

ಮೇಜಿನ ಕೆಳಗಿನ ಕಾಲು ಕದಲಿತು. ಬಸವೇಶ್ವರಿ ಕುರ್ಚಿ ಎಳೆದು ಆ ಕಾಲಿಗೆ ಅಡ್ಡ ಕೂತಳು.

“ಹಾಳಿ ಕೆಳಗ ಹೆಸರೈತಿ. ನಾಕು ವರ್ಷ ಓದಿಸೀನಿ, ಇನ್ನೂ ಓದಾಕ ಬರೂದಿಲ್ಲೇನು ನಿನಗ?”

“ಖರೇನ ನೀವ ಬರದ್ರಿ?”

“ಹೌದು.”

ಮಹಾಂತೇಶನ ಮುಖ ಒಮ್ಮೆಲೇ ಸಡಿಲವಾಯಿತು. ನಕ್ಕೂ ಬಿಟ್ಟ.

“ಮೊದಲ ಹೇಳಬಾರದ್ರಿ? ಹಂಗಾರ ಏನೂ ಇಲ್ಲ ಬಿಡ್ರಿ. ಛಲೋ ಬರದೀರಿ. ಆ ಪಂಕ್ತಿದಂತೂ ಭಾಳ ಖರೆ.”

ಅದೇ ಸಾಲು. ಅದೇ ಅಕ್ಷರ. ಅವಳ ಹೆಸರಿಗೆ ಶಹಬ್ಬಾಸ್, ಅವನ ಹೆಸರಿಗೆ ನಾಲ್ವರು.

ಅವರು ಹೋದ ಮೇಲೆ ನಾಸೀರ ಹೊರಗೆ ಬಂದ. ಅಂಗಿ ತುಂಬ ಧೂಳು.

“ಇದಕ್ಕೇನ್ರಿ...”

“ಹೂಂ.”

“ನಾ ನಿಮ್ಮನ್ನ ಕಳ್ಳರು ಅಂದ್ನಿ.”

“ಅಂದ್ರಿ.”

“ಜೀವ ಉಳಸೀರಿ. ಆದ್ರ ಮೇಜಿನ ಕೆಳಗ ಮಕ್ಕೊಂಡು ನನ್ನ ಮಾತಿಗೆ ಬ್ಯಾರೆಯವರು ಹೊಗಳಿಸಿಕೊಳ್ಳೂದು ಕೇಳೂದೈತೆಲ್ಲ... ಅದೂ ಒಂದು ನಮೂನಿ ಹೊಡ್ತನ.”

ಅವಳ ಕಣ್ಣು ತುಂಬಿತು. “ನಿಮ್ಮನ್ನ ಕೇಳದ ಮಾಡಿದ್ದು ನನ್ನ ತಪ್ಪು. ಖಾದರಬಾಷಾ ಸರ್‌ನ ಹೊಡ್ಯಾಗ ನಾ ಕಿಟಕಿ ಕಡೆ ನಿಂತಿದ್ನಿ. ಇನ್ನೊಮ್ಮಿ ಹಂಗ ನಿಂದ್ರಾಕ ಆಗ್ತಿರಲಿಲ್ಲ. ಅದೂ... ನಿಮ್ಮನ್ನ ನೋಡಕೋತ.”

ಕೊನೆಯ ಮಾತು ತುಟಿ ದಾಟಿದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಅವನು ಮೊದಲ ಬಾರಿಗೆ ಅವಳನ್ನು ಸರಿಯಾಗಿ ನೋಡಿದ. “ಇನ್ನ ಮ್ಯಾಲೆ ನನ್ನ ಹೆಸರು ಅಳಸಬ್ಯಾಡ್ರಿ. ಬೇಕಾದ್ರ ಬಾಜೂಕ ನಿಮ್ಮದೂ ಬರೀರಿ.”

ಏಳು ತಿಂಗಳ ನಂತರ ಅವಳು ಹಾಗೆಯೇ ಬರೆದಳು.

ಮದುವೆ ನೋಂದಣಿ ಕಚೇರಿಯ ಫಲಕದಲ್ಲಿ ಒಂದು ಹಾಳೆ. ಅದರಲ್ಲಿ ಎರಡು ಹೆಸರು, ಎರಡು ವಿಳಾಸ. ಮೂವತ್ತು ದಿನ ಯಾರು ಬೇಕಾದರೂ ಬಂದು ಓದಬಹುದು, ತಕರಾರು ಬರೆದುಕೊಡಬಹುದು. ಒಂದೇ ಮತದವರು ತಮ್ಮ ಪದ್ಧತಿಯಂತೆ ಅಕ್ಕಿಕಾಳು ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಇವರಿಬ್ಬರು ಮಾತ್ರ ತಮ್ಮ ಮನೆಯ ದಾರಿಯನ್ನು ಊರಿಗೆಲ್ಲ ಬರೆದು ತೋರಿಸಬೇಕು. ಇದು ಕಾಯಿದೆ.

ಹುನಗುಂದದಲ್ಲಿ ಅವಳ ಅಪ್ಪ ಅಮಾತೆಪ್ಪ ಮಗಳಿಗೆ ಬಾಗಿಲು ಹಾಕಿಕೊಂಡಿದ್ದರು. ಕೆರೂರ ಬಜಾರದಲ್ಲಿ ಅವನ ತಾಯಿ ಕಾಸಿಂಬಿ, ಯಾರಾದರೂ ಕಲ್ಲು ಹೊಡೆದಾರೆಂದು, ಬಳೆ ಅಂಗಡಿಯ ಗಾಜಿನ ಬಳೆಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಒಳಗಿಟ್ಟಿದ್ದಳು. ಒಂದು ಡಜನ್ ಹಸಿರು ಬಳೆಯನ್ನು ಮಾತ್ರ ಸೊಸೆಗೆಂದು ಕಳಿಸಿದ್ದಳು.

ಫಲಕದ ಮುಂದೆ ನಿಂತಿದ್ದ ಯಾರೋ ಮೊಬೈಲ್ ತೆಗೆದು ಹಾಳೆಯ ಫೋಟೊ ಹೊಡೆದುಕೊಂಡು ಮಾತಿಲ್ಲದೆ ಹೋದರು.

ನಾಸೀರ ಬಸವೇಶ್ವರಿಯ ಕೈ ಹಿಡಿದ. ಬಳೆ ಸಣ್ಣಗೆ ಸದ್ದು ಮಾಡಿತು.

“ಅಂಜಿಕಿ ಆಗೇತೇನು?” ಅಂದ.

“ಆಗೇತಿ. ನಿನಗ?”

“ನನಗೂ.”

“ಹೆಸರು ಅಳಸಿ ಬರೂಣೇನು?”

ಅವನು ನಕ್ಕ. “ಬ್ಯಾಡ. ಇಬ್ಬರೂ ಕೂಡಿ ಅಂಜೂಣು.”