ತೂಬಿಗೆ ಹೋಗದ ಎಣ್ಣೆ

ಇದು ಖರೆ ನಡೆದದ್ದು. ಒಂದು ಮಾತು ಸುಳ್ಳಾದರೂ ಈ ಬಾಯಿಗೆ ಜನ್ಮದಲ್ಲಿ ತಂಬಾಕು ಸಿಗದಿರಲಿ.

ಎಪ್ಪತ್ನಾಲ್ಕರ ಆಷಾಢ. ಬಸವಕಲ್ಯಾಣದಲ್ಲಿ ಕೋಳಿ ಕೂಗಿದರೆ ಹುಮನಾಬಾದಿನವರು ಏಳುವಂಥ ಪಡುವಣ ಗಾಳಿ. ಹುಡಗಿ ಎಂಬ ಊರಿನ ಆಚೆಗಿನ ಕೆರೆಗೆ ಸಖುಬಾಯಿ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಬಂದಳು. ಎಮ್ಮೆಗಳು ನೀರು ಮೂಸಿ ಹಿಂದೆ ಸರಿದವು. ಮೂಡಣ ದಂಡೆಯ ತುಂಬ ಕರಿ ಎಣ್ಣೆ.

ಅಲ್ಲೇ ಅಬ್ದುಲ್ ರಜಾಕನ ನೀರೆತ್ತುವ ಇಂಜಿನ್ನು. ಹಿಂದಿನ ದಿನ ರಸ್ತೆ ಕೆಲಸದವರ ಒಂದು ಡ್ರಮ್ಮು ಇಂಥದ್ದೇ ಎಣ್ಣೆ ಕಳುವಾಗಿತ್ತು. ಜಮಾದಾರ ಚನ್ನಬಸಪ್ಪ ಊರನ್ನು ಮನೆಮನೆ ಜಾಲಾಡುತ್ತಿದ್ದ. ಸುದ್ದಿ ಕೇಳಿ ಓಡಿಬಂದವನೇ ರಜಾಕನ ಕೈಗೆ ಬೇಡಿ ಹಾಕಿದ. ಹನ್ನೊಂದರ ಬಸ್ಸಿಗೆ ಹುಮನಾಬಾದ ಠಾಣೆ.

ಎಣ್ಣೆ ತನ್ನದಲ್ಲವೆಂದು ರಜಾಕ ಮಕ್ಕಳ ಮೇಲೆ ಆಣೆ ಇಟ್ಟ. ಕೆರೆಯ ನೀರು ಬಿಡುವ ಗುಂಡಪ್ಪ ಎದುರು ದಂಡೆಗೆ ಕೈ ತೋರಿದ.

"ತೂಬು ಪಡುವಣಕ್ಕ ಅದರಿ ಸಾಹೇಬ್ರ. ತೆರದದ. ನೀರೆಲ್ಲ ಆ ಕಡಿ ಹೊಂಟದ. ಎಣ್ಣಿ ನೀರಿಗಿ ಎದುರು ಈಜಿ ಬರ್ತದೇನ್ರಿ? ಇಲ್ಲೇ ಸುರದಾನ."

ಜಮಾದಾರನಿಗೆ ಸರಿಯೆನಿಸಿತು. ಸಖುಬಾಯಿಗೆ ಎನಿಸಲಿಲ್ಲ.

*

ಅವಳು ಕೆರೆ ಸುತ್ತಿ ತೂಬಿನ ಬಳಿ ಹೋದಳು. ಬುತ್ತಿಯಲ್ಲಿದ್ದ ಕುಸುಬಿ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟಳು. ಅದು ಹಾಳೆಯಂತೆ ಹರಡಿ, ತೆರೆಯ ಮೇಲೆ ಮೂಡಣಕ್ಕೆ ಹೊರಟಿತು. ರೊಟ್ಟಿಯ ಚೂರೊಂದನ್ನು ನೆನೆಸಿ ಮುಳುಗಿಸಿದಳು. ಅದು ಸೀದಾ ತೂಬಿನ ಬಾಯಿಗೆ ಹೋಯಿತು.

"ಎಮ್ಮಿ ಕಾಯೋಕಿ ಪೊಲೀಸ್ ಆಗ್ಯಾಳ ನೋಡ್ರಿ," ಎಂದು ಗುಂಡಪ್ಪ ನಕ್ಕ.

*

ಬಸ್ಸಿನ ಹೊತ್ತಾಗಿತ್ತು. ಸಖುಬಾಯಿ ಜಮಾದಾರನಿಗೆ ಅಡ್ಡ ನಿಂತಳು.

"ರಾಶಿ ತೂರೂ ಮುಂದ ಕಾಳು ಕೆಳಗ ಬೀಳ್ತದ, ಹೊಟ್ಟು ಗಾಳಿ ಕೂಡ ಹೋಗ್ತದ. ಹೌದಿಲ್ರಿ? ತೂಬು ತಳದ ನೀರು ಎಳೀತದ. ಎಣ್ಣಿ ಮ್ಯಾಲ ತೇಲ್ತದ, ಅದನ್ನ ಗಾಳಿ ಇಲ್ಲಿಗಿ ನೂಕ್ಯದ. ಸುರದದ್ದು ತೂಬಿನ ಬಲ್ಲಿ."

ಆಮೇಲೆ ತಿರುಗಿದಳು. "ಗುಂಡಪ್ಪ ಕಾಕಾ, ನೀರಿನ ಪಾಳಿ ಗುರುವಾರ. ಇವತ್ತು ಮಂಗಳವಾರ. ತೂಬು ಯಾಕ ತೆರದದ?"

ತೂಬಿನ ಕೀಲಿ ಊರಿಗೆಲ್ಲ ಒಂದೇ. ಗುಂಡಪ್ಪನ ಕೈ ತಾನಾಗಿ ಅದನ್ನು ಕಟ್ಟಿಕೊಂಡಿದ್ದ ಉಡಿದಾರ ಮುಟ್ಟಿತು.

ಜಮಾದಾರ ತೂಬಿನ ಬಳಿಯ ಜೊಂಡಿನಲ್ಲಿ ಲಾಠಿ ಆಡಿಸಿದ. ಢಣ್ ಎಂದಿತು. ಖಾಲಿ ಡ್ರಮ್ಮು.

ಗುಂಡಪ್ಪ ಎಲ್ಲ ಒಪ್ಪಿಕೊಂಡ. ಕದ್ದ ಎಣ್ಣೆಯನ್ನು ಜಮಾದಾರನ ಮನೆಮನೆ ಝಡತಿಗೆ ಹೆದರಿ ಸುರಿದಿದ್ದ. ತೂಬು ತೆರೆದರೆ ಕೆಳಗಿನ ಊರಿಗೆ ಹರಿದುಹೋಗುತ್ತದೆಂದು ತಿಳಿದಿದ್ದ. ಅದು ರಜಾಕನ ದಂಡೆಗೆ ಹೋಗಿ ನಿಂತಾಗ, ದೇವರೇ ಕೈ ಹಿಡಿದನೆಂದು ಕಾಯಿ ಒಡೆದು ಬಂದಿದ್ದನಂತೆ.

ಬೇಡಿ ಕೈ ಬದಲಾಯಿಸಿತು. ಬಸ್ಸು ಹೊರಟಿತು. ರಜಾಕ ಪೈಪನ್ನು ಆಳಕ್ಕೆ ಇಳಿಸಿ, ಇಂಜಿನ್ನು ಹಚ್ಚಿ, ಎಮ್ಮೆಗಳಿಗೆ ತಳದ ತಿಳಿನೀರು ಎತ್ತಿ ಕುಡಿಸಿದ.

ಇವತ್ತೂ ಅದೇ ಗಾಳಿ. ನಿಮ್ಮ ಜೇಬಿನ ತಂಬಾಕಿನ ವಾಸನೆ ಸೀದಾ ನನ್ನ ಕಡೆಗೇ ಬರುತ್ತಿದೆ. ಇಲ್ಲ ಅನ್ನಬೇಡಿ, ಎಲ್ಲಿಂದ ಹೊರಟಿತೆಂದು ಗಾಳಿ ನೋಡಿ ಹೇಳುವುದನ್ನು ಈಗಷ್ಟೇ ಕಲಿಸಿದ್ದೇನೆ. ಚಂಚಿ ಇತ್ತ ಕೊಡಿ.